ಫರಸಿ ಖಣಿಯ ಕಾದ ಕಲ್ಲಿನಲ್ಲಿ ಹಾವು ಹೇಗೆ ಬದುಕುತ್ತದೆ?

ಶರಣು. ಶಹಾಬಾದ್ ಕಡೆಯ ಫರಸಿ (ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು) ಖಣಿಯಿಂದ ನೀವು ಬರೆದ ಪತ್ರ ತಲುಪಿದೆ. ಮೇ ತಿಂಗಳ ಬಿಸಿಲಿನಲ್ಲಿ, ಸುತ್ತ ಹಸಿರಿಲ್ಲದ, ಹನಿ ನೀರಿಲ್ಲದ ಕಡೆ, ಜೋಡಿಸಿಟ್ಟ ಕಲ್ಲಿನ ಅಟ್ಟಿಯಿಂದ ಒಂದೂವರೆ ಗೇಣಿನ ಕಂದು ಹಾವು ಹೊರಬಿತ್ತು. ಸುರುಳಿ ಸುತ್ತಿ ಮೈಗೆ ಮೈ ಉಜ್ಜಿ 'ಸರ್ ಸರ್' ಸದ್ದು ಮಾಡಿತು ಎಂದಿದ್ದೀರಿ. ಇಷ್ಟು ಕಾವಿಗೆ ಅದರ ಮೈ ಒಗ್ಗಿಹೋಗಿದೆಯೇ, ಅದು ಏನು ತಿಂದು ಏನು ಕುಡಿಯುತ್ತದೆ ಎಂಬುದು ನಿಮ್ಮ ಪ್ರಶ್ನೆ.

ನೀವು ಹೇಳಿದ ಗುರುತೆಲ್ಲ ಗರಗಸ ಮಂಡಲ ಎಂಬ ಸಣ್ಣ ವಿಷದ ಹಾವಿನದು. ಅದರ ಮೈ ಕಾವಿಗೆ ಒಗ್ಗಿಲ್ಲ. ಹಾವಿನ ಮೈ ಸುಮಾರು 30 ಡಿಗ್ರಿ ಇದ್ದರೆ ಅದಕ್ಕೆ ಹಿತ. 40 ದಾಟಿದರೆ ಜೀವಕ್ಕೇ ಕುತ್ತು. ಊರಿನ ಗಾಳಿ 44 ಡಿಗ್ರಿಗೆ ಏರಿದ ದಿನ ಬಿಸಿಲಿಗೆ ಬಿದ್ದ ಬರಿಗಲ್ಲು 55 ಡಿಗ್ರಿಗೂ ಕಾಯುತ್ತದೆ. ಅದರ ಮೇಲೆ ಕೆಲವೇ ನಿಮಿಷ ಸಿಕ್ಕಿಬಿದ್ದರೂ ಈ ಹಾವು ಸಾಯುತ್ತದೆ. ಹಾಗಾಗಿ ಅದು ನಿಜಕ್ಕೂ ಬಾಳುತ್ತಿರುವುದು ಖಣಿಯಲ್ಲಲ್ಲ, ಖಣಿಯ ಬಿರುಕಿನಲ್ಲಿ. ಹೆಬ್ಬೆರಳು ತೂರುವಷ್ಟು ಸಂದಿ ಸಿಕ್ಕರೆ ಸಾಕು, ಮೇಲಿನ ಬೇಸಿಗೆ ಅದಕ್ಕೆ ತಟ್ಟುವುದಿಲ್ಲ.

ಯಾವ ಕಲ್ಲಿನ ಕೆಳಗೆ ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಾರ್ಟರ್ ಹಾವುಗಳ ಮೇಲೆ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾವುಗಳು ಹೆಚ್ಚಾಗಿ 20ರಿಂದ 40 ಸೆಂಟಿಮೀಟರ್ ದಪ್ಪದ ಕಲ್ಲುಗಳನ್ನೇ ಆರಿಸಿಕೊಂಡಿದ್ದವು. ಅದಕ್ಕಿಂತ ತೆಳುವಾದ ಕಲ್ಲಿನಡಿ ಮಧ್ಯಾಹ್ನದ ಕಾವು ಕೊಲ್ಲುವಷ್ಟು ಏರುತ್ತದೆ. ತೀರಾ ದಪ್ಪವಿದ್ದರೆ ಕೆಳಗೆ ಥಂಡಿ ಬಿಡುವುದೇ ಇಲ್ಲ. ಇದನ್ನು ನಿಮ್ಮ ಖಣಿಗೆ ಹೊಂದಿಸಿ ನೋಡಿ. ಎರಡು ಇಂಚಿನ ಒಂಟಿ ಫರಸಿಯ ಕೆಳಗೆ ನಡುಹಗಲಿನಲ್ಲಿ ಹಾವು ಇರುವ ಸಂಭವ ಕಡಿಮೆ. ಒಂದರ ಮೇಲೊಂದು ಪೇರಿಸಿದ ಅಟ್ಟಿಯಲ್ಲಿ ಮಾತ್ರ ತಳದ ಸಾಲು, ನೆಲಕ್ಕೆ ತಾಗಿದ ಸಂದಿ ತಂಪಾಗಿರುತ್ತದೆ. ಹಗಲಲ್ಲಿ ಅದರ ಜಾಗ ಅದೇ. ಹೊತ್ತು ಮುಳುಗಿ ಕಲ್ಲು ಉಗುರುಬೆಚ್ಚಗಾದ ಮೇಲೆ ಅದು ಮೇಲೆ ಬರುತ್ತದೆ. ಆದ್ದರಿಂದ ಹಗಲಲ್ಲಿ ತಳದ ಸಾಲಿಗೆ, ರಾತ್ರಿ ಮೇಲ್ಗಲ್ಲಿಗೆ ಹೆದರಬೇಕು.

ನೀರಿನ ಪ್ರಶ್ನೆಗೆ ಬರುತ್ತೇನೆ. ಚೇಳು, ಜರಿ, ಹಲ್ಲಿ, ಇಲಿಮರಿ ಇದರ ಊಟ. ಅವುಗಳ ಮೈಯಲ್ಲಿರುವ ನೀರೇ ಬಹುಪಾಲು ಇದಕ್ಕೆ ಸಾಕಾಗುತ್ತದೆ. ಹಾವು ಬೆವರುವುದಿಲ್ಲ. ಚರ್ಮದ ಹೊರಪದರದಲ್ಲಿರುವ ಕೊಬ್ಬಿನಂಶ ಒಳಗಿನ ತೇವವನ್ನು ಹಿಡಿದಿಡುತ್ತದೆ. ಮೂತ್ರವೂ ನಮ್ಮಂತೆ ನೀರಾಗಿ ಹರಿಯದೆ, ಸುಣ್ಣದ ಮುದ್ದೆಯಂತೆ ಬೆಳ್ಳಗೆ ಬೀಳುತ್ತದೆ. ಅದೇ ತೂಕದ ಇಲಿಗೆ ಬೇಕಾದ ಆಹಾರದ ಹತ್ತನೇ ಒಂದು ಭಾಗವೂ ಇದಕ್ಕೆ ಬೇಡ. ಉಳಿದ ಮಂಡಲಗಳು ಬುಸುಗುಟ್ಟಿದರೆ ಇದು ಗರಗಸದಂಥ ಹುರುಪೆಗಳನ್ನು ಉಜ್ಜಿ ಎಚ್ಚರಿಸುತ್ತದೆ. ಉಸಿರಿನ ಜೊತೆ ತೇವ ಹೋಗದಿರಲೆಂದೇ ಈ ಏರ್ಪಾಟು ಎಂದು ಹೇಳುವವರಿದ್ದಾರೆ. ನಮ್ಮ ದೇಶದಲ್ಲಿ ಇದು ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತದೆ, ಹಾಗಾಗಿ ಒಣನೆಲದಲ್ಲಿ ಮೊಟ್ಟೆ ಬತ್ತುವ ಭಯವಿಲ್ಲ.

ಬೇರೆಡೆಯ ಹಾವುಗಳೂ ಹೀಗೆ ಒಂದು ಆಸರೆ ಹಿಡಿದೇ ಬದುಕಿವೆ. ಟಿಬೆಟ್‌ನಲ್ಲಿ 4,000 ಮೀಟರಿಗಿಂತ ಎತ್ತರದಲ್ಲಿ ಬಿಸಿನೀರ ಬುಗ್ಗೆಗಳ ಪಕ್ಕ ಒಂದು ಜಾತಿ ಇದೆ. ಕೆನಡಾದ ನಾರ್ಸಿಸ್‌ನಲ್ಲಿ ಹತ್ತಾರು ಸಾವಿರ ಗಾರ್ಟರ್ ಹಾವುಗಳು ನೆಲ ಹೆಪ್ಪುಗಟ್ಟುವ ಚಳಿಗಾಲವನ್ನು ನೆಲದಡಿಯ ಬಿರುಕುಗಳಲ್ಲಿ ಕಳೆಯುತ್ತವೆ. ಅಲ್ಲಿನ ಕಲ್ಲೂ ನಿಮ್ಮ ಫರಸಿಯಂತೆ ಸುಣ್ಣದ ಕಲ್ಲೇ.

ಇನ್ನು ನೀವು ಕೇಳದ, ಆದರೆ ನಾನು ಹೇಳಲೇಬೇಕಾದ ಮಾತು. ಹಾವಿಗೆ ತಂಪು ಕೊಡುವ ಸಂದಿಯೇ ಕಲ್ಲು ಎತ್ತುವವರು ಬೆರಳು ತೂರಿಸುವ ಜಾಗ. ಅಟ್ಟಿ ಕಟ್ಟುವಾಗಲೇ ತಳಕ್ಕೆ ಒಂದು ಅಡಿ ಎತ್ತರದ ಆಧಾರ ಕೊಟ್ಟು, ಬೆಳಕು ಆರುಪಾರಾಗಿ ಕಾಣುವಂತೆ ಬಿಡಿ. ಹಾವು ಅಲ್ಲಿ ನಿಲ್ಲುವುದು ಕಡಿಮೆ. ಹಳೆಯ ಅಟ್ಟಿ ಬಿಚ್ಚುವಾಗ ಮೊದಲು ಹಾರೆಯಿಂದ ಕಲ್ಲನ್ನು ಅಲುಗಿಸಿ. ನಂತರ ಪಕ್ಕದಲ್ಲಿ ನಿಂತು, ಸಂದಿಯ ಬಾಯಿ ನಿಮ್ಮ ಕಡೆಗಲ್ಲ, ಆಚೆ ಕಡೆ ತೆರೆಯುವಂತೆ ಮೀಟಿ. ಕೈ ಹಾಕುವುದು ಕೆಳಗೇನಿದೆ ಎಂದು ಕಂಡ ಮೇಲೆಯೇ. ದಪ್ಪ ಚರ್ಮದ ಕೈಗವಸು, ಹಿಮ್ಮಡಿ ಮುಚ್ಚುವ ಬೂಟು ಬೇಕು, ಚಪ್ಪಲಿ ಸಾಲದು. ಮನೆ ಹಿಂದೆ ಒಟ್ಟಿದ ತೊಗರಿ ಕಟ್ಟಿಗೆಗೂ ಇದೇ ಕ್ರಮ.

ಕಚ್ಚಿದರೆ ಎಡವಟ್ಟಾಗುವುದು ಹಾವು ಸಣ್ಣದೆಂಬ ಉದಾಸೀನದಿಂದ. ಮೊದಲು ಬರಿ ಉರಿ, ಸ್ವಲ್ಪ ಬಾವು ಕಾಣುತ್ತದೆ. ಆದರೆ ಇದರ ವಿಷ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ, ಎಷ್ಟೋ ತಾಸಿನ ನಂತರ ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರಬಹುದು. ಕೊಯ್ಯಬೇಡಿ, ಹೀರಬೇಡಿ, ಬಿಗಿದು ಕಟ್ಟಬೇಡಿ. ಉಂಗುರ, ಕಡಗ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಮರದ ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ 20 ನಿಮಿಷದ ರಕ್ತ ಪರೀಕ್ಷೆ ಮಾಡುತ್ತಾರೆ: ಒಣಗಿದ, ಶುಚಿಯಾದ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ ಹಾಕಿ ಅಲುಗಿಸದೆ ಇಡುವುದು. 20 ನಿಮಿಷದ ನಂತರವೂ ರಕ್ತ ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದೇ ಅರ್ಥ, ಆಗ ಪ್ರತಿವಿಷ ಕೊಡಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ಗರಗಸ ಮಂಡಲಕ್ಕೂ ಕೆಲಸ ಮಾಡುತ್ತದೆ. ಮೊದಲ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಿತೆಂದು ಎದ್ದು ಮನೆಗೆ ಬರಬೇಡಿ. 24 ತಾಸು ಅಲ್ಲೇ ಇರಿ, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿ.

– ಸಂಪಾದಕ