ಮಡಿಕೇರಿಯ ನಮ್ಮ ಮನೆಯ ಸ್ಟ್ರೀಮಿಂಗ್ ಆಂಪ್ಲಿಫೈಯರ್‌ನಲ್ಲಿ ಬಾಸ್ ಗುಂಯ್‌ಗುಡುತ್ತದೆ, ಹಾಡಿನ ಮಾತು ತಿಳಿಯುವುದಿಲ್ಲ. ಟೋನ್ ಹೇಗೆ ಹೊಂದಿಸಲಿ?

ಮೊದಲು ಬಾಸ್ (ತಗ್ಗು ಸ್ವರ), ಟ್ರೆಬಲ್ (ಮೇಲಿನ ಸ್ವರ) ಎರಡನ್ನೂ 0ಗೆ ತನ್ನಿ, ಲೌಡ್‌ನೆಸ್ (ಸಣ್ಣ ದನಿಯಲ್ಲೂ ಬಾಸ್ ತುಂಬಿ ಕೇಳುವಂತೆ ಏರಿಸುವ ಸ್ವಿಚ್) ಆಫ್ ಮಾಡಿ. ಫೋನಿನ ಆ್ಯಪ್‌ನಲ್ಲಿ ಈಕ್ವಲೈಜರ್ (ಸ್ವರಗಳನ್ನು ಏರಿಳಿಸುವ ಸೆಟ್ಟಿಂಗ್) ಇದ್ದರೆ ಅದನ್ನೂ ಆಫ್ ಮಾಡಿ. ಎರಡೂ ಕಡೆ ಏರಿಸಿದರೆ ಧ್ವನಿ ಒಡೆಯುತ್ತದೆ.

ಗುಂಯ್‌ಗುಡಲು ಕಾರಣ ಹೆಚ್ಚಾಗಿ ಆಂಪ್ಲಿಫೈಯರ್ ಅಲ್ಲ, ಸ್ಪೀಕರನ್ನು ಮೂಲೆಗೆ ಒತ್ತಿಟ್ಟಿರುವುದು. ಗೋಡೆಯಿಂದ 40–60 ಸೆಂ.ಮೀ. ಮುಂದೆ ಎಳೆದು ಕೇಳಿ. ಆಮೇಲೂ ಹಾಗೇ ಇದ್ದರೆ ಬಾಸನ್ನು ಒಂದೊಂದೇ ಡೆಸಿಬಲ್ ಇಳಿಸಿ. ಸಾಮಾನ್ಯವಾಗಿ -2ರಿಂದ -4ರೊಳಗೆ ಮಾತು ಬಿಡಿಬಿಡಿಯಾಗಿ ಕೇಳತೊಡಗುತ್ತದೆ. ಟ್ರೆಬಲ್ +1, ಹೆಚ್ಚೆಂದರೆ +2. ರೆಡ್ ಆಕ್ಸೈಡ್ ನೆಲ, ಬರಿಗೋಡೆ ಇದ್ದರೆ ಅದೂ ಬೇಡ, 'ಸ' ಅಕ್ಷರ ಕಿವಿಗೆ ಚುಚ್ಚುತ್ತದೆ. ಅಂಥ ಕೋಣೆಗೆ ದಪ್ಪ ಜಮಖಾನವೇ ಒಳ್ಳೆಯ ಮದ್ದು.

ಕಕ್ಕಡ ತಿಂಗಳಿನ (ಜುಲೈ–ಆಗಸ್ಟ್) ಮಳೆ ಶೀಟಿನ ಮೇಲೆ ಬಾರಿಸುವಾಗ ಮಾತ್ರ ಈ ಕೆಲಸಕ್ಕೆ ಕೂರಬೇಡಿ. ಆ ಸದ್ದಿನಲ್ಲಿ ಟ್ರೆಬಲ್ ಮುಚ್ಚಿಹೋಗಿ ನೀವು ಏರಿಸುತ್ತಲೇ ಹೋಗುತ್ತೀರಿ. ಮಳೆ ಬಿಟ್ಟ ಮೇಲೆ ಕೇಳಲಾಗದು!

ಬಾಸ್ 3 ಡೆಸಿಬಲ್ ಏರಿಸಿದರೆ ಆ ಸ್ವರಗಳಿಗೆ ಎರಡು ಪಟ್ಟು, 6 ಏರಿಸಿದರೆ ನಾಲ್ಕು ಪಟ್ಟು ಪವರ್ ಬೇಕು. ವಾಲ್ಯೂಮ್ ಜೋರಾಗಿಟ್ಟು ಹಾಗೆ ಮಾಡಿದರೆ ಕ್ಲಿಪ್ಪಿಂಗ್ ಆಗಿ (ಆಂಪ್ಲಿಫೈಯರ್ ಶಕ್ತಿ ಮೀರಿ ಧ್ವನಿ ಒಡೆದು) ಟ್ವೀಟರ್ (ಮೇಲಿನ ಸ್ವರದ ಚಿಕ್ಕ ಸ್ಪೀಕರ್) ಸುಡಬಹುದು. ಲೌಡ್‌ನೆಸ್ ರಾತ್ರಿ ಸಣ್ಣ ದನಿಯಲ್ಲಿ ಕೇಳುವಾಗ ಹಾಕಿಕೊಳ್ಳಿ.