ಅಜ್ಜಿ ಎಲ್ಲಿದ್ದಾರೆ, ಮೇಷ್ಟ್ರೇ?

ಹಾಸನದ ವಿದ್ಯಾನಗರದಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಮಾತಿನ ತಿರುಳು ಇಷ್ಟು: "ನಗರದಲ್ಲಿ ಉಚಿತ ನರ್ಸರಿಗಳು ಇನ್ನಷ್ಟು ಬೇಕು ಎಂದು ಹೋದ ತಿಂಗಳು ಬರೆದಿದ್ದೀರಿ. ಮೂರು ವರ್ಷದ ಮಗುವಿಗೆ ಅಜ್ಜಿಯ ಮಡಿಲೇ ಶಾಲೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ. ಆ ದುಡ್ಡನ್ನು ಹೈಸ್ಕೂಲುಗಳಿಗೆ ಹಾಕಲಿ."

ಮೇಷ್ಟ್ರೇ, ಮೊದಲು ನಿಮ್ಮ ಅಕ್ಷರಕ್ಕೆ ನಮಸ್ಕಾರ. ಮುತ್ತು ಪೋಣಿಸಿದ ಹಾಗಿದೆ. ಅಜ್ಜಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಮೂರು ವರ್ಷದ ಕೂಸಿನ ಕೈಗೆ ಪೆನ್ಸಿಲ್ ತುರುಕಿ ಎಬಿಸಿಡಿ ತಿದ್ದಿಸುವುದನ್ನು ನನಗೂ ನೋಡಲಾಗುವುದಿಲ್ಲ. ಹೈಸ್ಕೂಲುಗಳಿಗೆ ದುಡ್ಡು ಬೇಕು, ಅದೂ ನಿಜ.

ಆದರೆ ಆ ಅಜ್ಜಿ ಎಲ್ಲಿದ್ದಾರೆ?

ನಮ್ಮ ಕೈಗಾರಿಕಾ ಪ್ರದೇಶಕ್ಕೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗುವ ಹೆಣ್ಣುಮಕ್ಕಳನ್ನು ಕೇಳಿ. ಅವರ ಅಮ್ಮಂದಿರು ಅರಕಲಗೂಡು, ಆಲೂರು ಕಡೆಯ ಹಳ್ಳಿಗಳಲ್ಲಿದ್ದಾರೆ. ಪಟ್ಟಣದಲ್ಲೇ ಇರುವ ಅಜ್ಜಿಗೆ ನಾಲ್ಕು ಮನೆಯ ಪಾತ್ರೆ ತೊಳೆಯುವ ಕೆಲಸವಿದೆ. ಬಹುಶಃ ಅದರಲ್ಲೊಂದು ಮನೆ ನಿಮ್ಮ ಬೀದಿಯದೇ ಇರಬಹುದು.

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ನಾನು ಸೊಪ್ಪು ಕೊಳ್ಳುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳ ಮಗು ಗೋಣಿಚೀಲದ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತದೆ. ಸುಮ್ನೆ ಕೇಳಿದೆ, ಎಲ್ಲೂ ಸೇರಿಸಲಿಲ್ವಾ ಅಂತ. "ಸೇರಿಸಿದ್ದೆ ಅಣ್ಣ. ಹನ್ನೆರಡೂವರೆಗೆ ಬಂದು ಕರ್ಕೊಂಡು ಹೋಗಿ ಅಂತಾರೆ. ಆಗ ಅಂಗಡಿ ಯಾರ ಕೈಲಿ ಬಿಡ್ಲಿ?" ಎಂದಳು. ಕಟ್ಟಿದ ಫೀಸು ಹಾಗೇ ಹೋಯಿತು.

ಈ ವಿಷಯದಲ್ಲಿ ನನಗೆ ಇಷ್ಟು ಹಟ ಯಾಕೆ ಎಂದು ನೀವು ಕೇಳಬಹುದು. ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಮ್ಮಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತೋಟದ ಕೂಸಿನ ಮನೆಯಲ್ಲಿ ಕೂಲಿಯವರ ಲೈನ್‌ಮನೆಯ ಮಕ್ಕಳ ಜೊತೆ ನಾನೂ ಎರಡು ವರ್ಷ ಬೆಳೆದೆ. ಹೆಂಚಿನ ಒಂದೇ ಕೋಣೆ. ತೊಲೆಗೆ ಕಟ್ಟಿದ ಸೀರೆಯ ಜೋಲಿಗಳು. ರಾಗಿ ಅಂಬಲಿ. ನೋಡಿಕೊಳ್ಳುವ ಆಯಾ ತುಳುವಿನಲ್ಲಿ ಪಾಡ್ದನ ಹಾಡುತ್ತಿದ್ದರು, ಕನ್ನಡದಲ್ಲಿ ಬೈಯುತ್ತಿದ್ದರು. ಅಲ್ಲಿ ನಾನು ಒಂದಕ್ಷರ ಕಲಿಯಲಿಲ್ಲ. ಇನ್ನೊಬ್ಬರ ಬಟ್ಟಲಿಗೆ ಕೈ ಹಾಕಬಾರದು, ಅಳುವ ಪುಟ್ಟ ಮಗುವಿನ ಜೋಲಿ ತೂಗಬೇಕು ಎಂಬುದನ್ನು ಕಲಿತೆ. ಮಧ್ಯಾಹ್ನ ಅಮ್ಮಂದಿರು ಹಣ್ಣು ಕುಯ್ಯುವುದನ್ನು ಬಿಟ್ಟು ಬಂದು ಹಾಲೂಡಿಸಿ ಹೋಗುತ್ತಿದ್ದರು.

ಅದು ಧಣಿಗಳ ಔದಾರ್ಯ ಎಂದು ಬಹಳ ದಿನ ನಂಬಿದ್ದೆ. ಪತ್ರಿಕೆಗೆ ಬಂದ ಮೇಲೆ ಗೊತ್ತಾಯಿತು, ಅದು ಕಾನೂನು. 50 ಅಥವಾ ಅದಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ತೋಟದಲ್ಲಿ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಕೋಣೆ ಇರಲೇಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಕಾಫಿ ಗಿಡದ ನಡುವೆ ಅಷ್ಟು ಹಿಂದೆಯೇ ಸಿಕ್ಕ ಕೋಣೆ ಜಿಲ್ಲೆಯ ಮುಖ್ಯ ಪಟ್ಟಣದ ಸೊಪ್ಪಿನವಳಿಗೆ ಇನ್ನೂ ಸಿಕ್ಕಿಲ್ಲ.

ಪುಕ್ಕಟೆಗೆ ಬೆಲೆ ಇಲ್ಲ ಎನ್ನುತ್ತೀರಿ. ಆದರೆ ಅದೇ ಕಾಗದದ ಮೂರನೇ ಪುಟದಲ್ಲಿ, ಉಚಿತ ಹಾಸ್ಟೆಲಿನಲ್ಲಿದ್ದು ಓದಿ ಮೇಲೆ ಬಂದೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಅದನ್ನು ಎರಡು ಸಲ ಓದಿದೆ. ಆ ಅನ್ನಕ್ಕೆ ಬೆಲೆ ಇತ್ತು ಅಲ್ವಾ, ಮೇಷ್ಟ್ರೇ?

ದುಬಾರಿ ನರ್ಸರಿಗಳ ಬೋರ್ಡಿನ ಮೇಲೆ ಈಗ ಮಾಂಟೆಸ್ಸರಿ ಎಂಬ ಹೆಸರು ಕಾಣುತ್ತದೆ. ಅದು ಇಟಲಿಯ ಮಾರಿಯಾ ಮಾಂಟೆಸ್ಸರಿ ಅವರ ಹೆಸರು. ಆ ತಾಯಿ 1907ರ ಜನವರಿ 6ರಂದು ತನ್ನ ಮೊದಲ 'ಮಕ್ಕಳ ಮನೆ' ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ತಂದೆ ತಾಯಿ ಕೂಲಿಗೆ ಹೋದಾಗ ಮನೆಯಲ್ಲಿ ಉಳಿಯುತ್ತಿದ್ದ ಮಕ್ಕಳಿಗಾಗಿ ಅದನ್ನು ತೆರೆದರು. ನಮ್ಮ ದೇಶದಲ್ಲಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿನಲ್ಲಿ ಮಕ್ಕಳ ಅಂಗಳಕ್ಕೇ ಹೋಗಿ ಬಾಲವಾಡಿ ನಡೆಸಿದರು. ಅಂಗನವಾಡಿ ಎಂಬ ಮಾತು ಹುಟ್ಟಿದ್ದು ಆ ಅಂಗಳದಿಂದ. ಕೂಲಿಯವರ ಮಕ್ಕಳಿಗೆಂದು ಹುಟ್ಟಿದ ವಿದ್ಯೆಯನ್ನು ಈಗ ಕೂಲಿಯವರು ಫೀಸು ಕಟ್ಟಿ ಕೊಳ್ಳಬೇಕಾಗಿದೆ.

ಇನ್ನು ನಗರದ ಲೆಕ್ಕಕ್ಕೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆಯ ಅಡಿ ಖಾಸಗಿ ಶಾಲೆಗಳ ಶೇ. 25 ಸೀಟಿನಲ್ಲಿ ಬಡ ಮಕ್ಕಳು ಎಲ್‌ಕೆಜಿಗೇ ಸೇರಬಹುದಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು 2019ರಲ್ಲಿ ನಮ್ಮ ರಾಜ್ಯದ ನಿಯಮ ಬದಲಾಯಿತು. ಪಟ್ಟಣದಲ್ಲಿ ಅಂಥ ಶಾಲೆ ಇಲ್ಲದ ವಾರ್ಡು ಹುಡುಕುವುದೇ ಕಷ್ಟ. ಆದರೆ ಹತ್ತಿರದ ಸರ್ಕಾರಿ ಶಾಲೆ ಎಷ್ಟೋ ಕಡೆ ಶುರುವಾಗುವುದೇ ಒಂದನೇ ತರಗತಿಯಿಂದ. ಅಲ್ಲಿಯವರೆಗೆ ಮಗು ಏನು ಮಾಡಬೇಕು? ಮೂರು ವರ್ಷದೊಳಗಿನ ಮಕ್ಕಳಿಗೆಂದು ಸರ್ಕಾರ 2023ರ ಬಜೆಟ್ಟಿನಲ್ಲಿ 'ಕೂಸಿನ ಮನೆ' ಎಂಬ ಯೋಜನೆ ತಂದಿತು. ಒಳ್ಳೆಯ ಕೆಲಸ. ಆದರೆ ಅದು ಗ್ರಾಮ ಪಂಚಾಯಿತಿಗಳಿಗೆ. 2024ರಲ್ಲಿ 250 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾಯಿತು. ಅದು ಬೆಂಗಳೂರಿನಲ್ಲಿ. ನಮ್ಮಂಥ ಮಧ್ಯಮ ಊರುಗಳ ಸರದಿ ಯಾವಾಗಲೂ ಕೊನೆಗೇ ಬರುತ್ತದೆ. ಅಂಗನವಾಡಿ ಇರುವ ಬೀದಿಯಲ್ಲೂ ನಾಲ್ಕು ಗಂಟೆಗೆ ಬಾಗಿಲು ಹಾಕುತ್ತಾರೆ. ಗಾರ್ಮೆಂಟ್ಸ್ ಬಸ್ಸು ವಾಪಸ್ ಬರುವುದು ಕತ್ತಲಾದ ಮೇಲೆ. ಸೀಟು ಹೆಚ್ಚಿಸಿದರೆ ಸಾಲದು, ಹೊತ್ತನ್ನೂ ಹೆಚ್ಚಿಸಬೇಕು.

ಜಾಗ ಇಲ್ಲ ಎನ್ನುತ್ತಾರೆ. ಬಡಾವಣೆ ಮಾಡುವಾಗ ನಕ್ಷೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಸಿಎ ಸೈಟು ಬಿಡುತ್ತಾರಲ್ಲ, ಅದು ಇಂಥದ್ದಕ್ಕೇ. ಹತ್ತು ವರ್ಷ ಬಿಟ್ಟು ಹೋಗಿ ನೋಡಿ, ಅಲ್ಲಿ ಸಂಘದ ಕಟ್ಟಡವೋ ಸಮುದಾಯ ಭವನವೋ ಎದ್ದಿರುತ್ತದೆ. ಅಂಗನವಾಡಿ ಮಾತ್ರ ಶೀಟಿನ ಬಾಡಿಗೆ ಕೋಣೆಯಲ್ಲಿ, ಅಕ್ಕಿ ಮೂಟೆಯ ಪಕ್ಕ. ಅದನ್ನು ನಡೆಸುವ ಕಾರ್ಯಕರ್ತೆಗೆ ಇವತ್ತಿಗೂ ಸಿಗುವುದು ಗೌರವಧನ, ಸಂಬಳ ಅಲ್ಲ. ಮಕ್ಕಳನ್ನು ನೋಡಬೇಕಾದ ಅವರನ್ನೇ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗಿಸುತ್ತೇವೆ. ಗ್ರಾಚ್ಯುಟಿ ಇವರ ಹಕ್ಕು ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಪಕ್ಕದ ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಐವತ್ತು ವರ್ಷ ಕಳೆದರೂ ಸ್ವಂತ ಸೂರಿಲ್ಲ ಎಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಕೊನೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಬಡಾವಣೆಯ ಅಂಚಿನಲ್ಲಿ ಮನೆ ಕಟ್ಟುವವರ ಶೆಡ್ಡುಗಳು ಬಂದಿವೆ ಎಂದು ನೀವೇ ಬೇಸರದಿಂದ ಬರೆದಿದ್ದೀರಿ. ಆರು ವರ್ಷದೊಳಗಿನ 40 ಮಕ್ಕಳಿರುವ ಕೇರಿಯವರು ಅಂಗನವಾಡಿ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ ಹೇಳಿದೆ. ಇದು ಆ ಶೆಡ್ಡಿನವರಿಗೆ ಗೊತ್ತಿರಲಾರದು. ಒಂದು ಭಾನುವಾರ ಇಬ್ಬರೂ ಹೋಗಿ ಮಕ್ಕಳನ್ನು ಎಣಿಸೋಣ. ಅರ್ಜಿ ನಿಮ್ಮ ಅಕ್ಷರದಲ್ಲೇ ಇರಲಿ.

– ಸಂಪಾದಕ