ಮಿಲ್ಟ್ರಿ ಮನೆಯ ಹೆಣ್ಣುಮಕ್ಕಳ ಬದುಕು ಹೇಗಿರುತ್ತೆ?

ತಂಗಿಗೆ ಮಿಲ್ಟ್ರಿ ಹುಡುಗನ ಸಂಬಂಧ ಬಂದಿದೆ, ಅಂಥ ಮನೆಯಲ್ಲಿ ಹೆಣ್ಣುಮಕ್ಕಳ ಬದುಕು ಹೇಗಿರುತ್ತೆ ಅಂತ ಕೇಳಿದ್ದೀರಿ. ನಾನು ಮಂಡ್ಯ ಕಡೆಯವಳು. ನಮ್ಮ ಅಜ್ಜ, ಅಪ್ಪ ಇಬ್ಬರೂ ಮಿಲ್ಟ್ರಿಯಲ್ಲಿದ್ದವರು.

ಅಜ್ಜಿ ಓದಿದವರಲ್ಲ. ಅಜ್ಜ ತೀರಿಕೊಂಡ ಮೇಲೆ ಅವರಿಗೆ ಫ್ಯಾಮಿಲಿ ಪೆನ್ಷನ್ ಬರಬೇಕಿತ್ತು. ದಾಖಲೆಯಲ್ಲಿ ಅಜ್ಜಿಯ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಅಷ್ಟಕ್ಕೇ ಎರಡು ವರ್ಷ ಅಲೆದರು. ಅಜ್ಜನ ಡಿಸ್ಚಾರ್ಜ್ ಬುಕ್ಕನ್ನು, ಅಂದರೆ ಸರ್ವಿಸ್ ಮುಗಿದಾಗ ಮಿಲ್ಟ್ರಿಯವರು ಕೊಡುವ ದಾಖಲೆ ಪುಸ್ತಕವನ್ನು, ಹಳೇ ಟವೆಲ್ಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಬಸ್ಸು ಹತ್ತುತ್ತಿದ್ದರಂತೆ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರೋದು, ಅದೂ ಗಂಡಸರ ಕೈಗೆ. ಅಜ್ಜಿಯದು ತಿಂಗಳ ದುಡ್ಡು, ಅವರದೇ ಪಾಸ್‌ಬುಕ್ಕು. ಅದು ಶುರುವಾದ ಮೇಲೆ ಮನೆಯಲ್ಲಿ ಅವರ ಮಾತು ನಡೆಯಿತು. ಅಪ್ಪನ ತಂಗಿಯನ್ನು ಮೈಸೂರಿನ ಹಾಸ್ಟೆಲ್ಲಿಗೆ ಸೇರಿಸಿ ಓದಿಸಿದ್ದು ಆ ದುಡ್ಡೇ.

ಅಮ್ಮನ ಕಷ್ಟ ಬೇರೆ. ಅಪ್ಪ ಫೀಲ್ಡ್‌ನಲ್ಲಿ, ಅಂದರೆ ಗಡಿಯಂಥ ಕಡೆ ಇದ್ದಾಗ ನಮ್ಮನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ವಿಳಾಸ ಅಂದರೆ ‘ಕೇರ್ ಆಫ್ 56 ಎಪಿಒ’ ಅಷ್ಟೇ, ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ. ಎಲ್ಲಿದ್ದಾರೆ ಅಂತ ಅದರಿಂದ ಗೊತ್ತಾಗುತ್ತಿರಲಿಲ್ಲ. ನನಗೆ ಜ್ವರ ಬಂದರೂ, ನಾಲೆಗೆ ನೀರು ಬಿಟ್ಟರೂ, ಸೊಸೈಟಿ ಸಾಲ ಕಟ್ಟಬೇಕಾದರೂ ಅಮ್ಮನೇ ಓಡಬೇಕು. ಅಪ್ಪ ಎರಡು ತಿಂಗಳ ರಜೆಗೆ ಬಂದರೆ ಮನೆಗೆ ಅವರೇ ಯಜಮಾನರು. ಒಂದು ಸಲ ಅಮ್ಮ ಮಾರಿದ ಹಸುವಿನ ಲೆಕ್ಕವನ್ನು ನೆಂಟರ ಎದುರೇ ಕೇಳಿಬಿಟ್ಟರು. ಅಮ್ಮ ಅದನ್ನು ಇವತ್ತಿಗೂ ಮರೆತಿಲ್ಲ.

ಸರ್ಕಾರದ ಒಂದು ನಿಯಮವೂ ಹೆಣ್ಣನ್ನು ಗಂಡನ ಮನೆಗೇ ಕಟ್ಟಿಹಾಕುವಂತಿತ್ತು. ಶೌರ್ಯ ಪದಕ ಪಡೆದ ಯೋಧನ ವಿಧವೆ ಮರುಮದುವೆಯಾದರೆ ಪದಕದ ಭತ್ಯೆ ನಿಂತುಹೋಗುತ್ತಿತ್ತು. ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಆ ಷರತ್ತು ತೆಗೆದದ್ದು 2017ರಲ್ಲಿ. ಇದನ್ನು ಓದಿದ ದಿನ ನನಗೆ ಹೊಟ್ಟೆ ಉರಿದುಹೋಯಿತು.

ಈಗ ಅಣ್ಣನ ಮಗಳು ಸೇನೆಯದೇ ಪೊಲೀಸ್ ದಳವಾದ ಮಿಲಿಟರಿ ಪೊಲೀಸ್‌ಗೆ ಸೇರಬೇಕು ಅಂತ ಬೆಳಗ್ಗೆ 5ಕ್ಕೇ ಎದ್ದು ನಾಲೆ ಏರಿ ಮೇಲೆ ಓಡುತ್ತಾಳೆ. ಅದರಲ್ಲಿ ಹೆಣ್ಣುಮಕ್ಕಳ ಮೊದಲ ತಂಡ ಬೆಂಗಳೂರಿನಲ್ಲಿ ತರಬೇತಿ ಮುಗಿಸಿದ್ದು 2021ರಲ್ಲಿ. ಮರುವರ್ಷವೇ ಸೇನೆಗೆ ಸೇರಿಸಿಕೊಳ್ಳುವ ಹೊಸ ಯೋಜನೆ ಅಗ್ನಿಪಥ ಬಂತು. 4 ವರ್ಷದ ಕೆಲಸ, ಪೆನ್ಷನ್ ಇಲ್ಲ. ಆಮೇಲೆ ನೂರಕ್ಕೆ 25 ಮಂದಿಯವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಅವಳು ಓಡೋದು ನೋಡಿದರೆ ಖುಷಿ. ಆದರೆ ಅಜ್ಜಿಯ ಕೈಗೆ ಬಲ ಕೊಟ್ಟಿದ್ದೇ ಆ ಪೆನ್ಷನ್ ಅಲ್ವಾ?

ನಿಮ್ಮ ತಂಗಿಗೆ ಮದುವೆ ಆದ ಕೂಡಲೇ ಹುಡುಗನ ಸರ್ವಿಸ್ ದಾಖಲೆಯಲ್ಲಿ ಅವಳ ಹೆಸರು ಸೇರಿಸಲು ಹೇಳಿ. ಆಧಾರ್‌ನಲ್ಲಿ ಇರುವ ಹಾಗೇ ಇರಬೇಕು. ಅದರ ಪ್ರತಿ ತರಿಸಿಕೊಂಡು ಒಂದೊಂದು ಅಕ್ಷರವನ್ನೂ ತಂಗಿಯೇ ಕೂತು ಓದಲಿ.